ಆರದ ಸ್ಟಾಪ್‌ಲೈಟು

“ಈ ಪ್ರಾಂತ್ಯದ ಅರ್ಧ ಊರಿಗೆ ದೀಪ ಹತ್ತಿಸಿದೋನು ನಾನು. ಎರಡು ಪುಟಗೋಸಿ ಬಲ್ಬ್ ಆರಿಸೋದಕ್ಕೆ ನಿಮ್ಮಣ್ಣನ ಕಾಲು ಹಿಡೀಬೇಕಾ?”

ಮಂಗಳವಾರ ಸಂಜೆ ಮೆಲಿಟೋನ್ ಹೆಂಡತಿಗೆ ಹೀಗೆಂದಾಗ ಅವನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಕಂಕುಳಲ್ಲಿ ಟಾರ್ಚ್ ಇತ್ತು, ಬೆನ್ನ ಹಿಂದೆ ಮೂವತ್ತೊಂದು ವರ್ಷದ ಸರ್ವೀಸ್ ಇತ್ತು. ವಿದ್ಯುತ್ ಸಹಕಾರ ಸಂಘದ ಲೈನ್‌ಮನ್ ಆಗಿ ಅವನು ಹತ್ತದ ಕಂಬವಿರಲಿಲ್ಲ. ಚಂಡಮಾರುತ ಬಂದು ತೆಂಗಿನ ಮರಗಳನ್ನೂ ಕರೆಂಟ್ ಕಂಬಗಳನ್ನೂ ಒಟ್ಟಿಗೆ ಮಲಗಿಸಿ ಹೋದ ಮರುದಿನ ಬೂಟು ಹಾಕಿಕೊಂಡು ಮೊದಲು ಹೊರಡುತ್ತಿದ್ದವನು ಅವನೇ. ಅಂಥವನ ಅಂಗಳದಲ್ಲಿ ಈಗ ಅವನದೇ ಮುದಿ ಕಾರು ಹಿಂದಿನ ಎರಡು ಕೆಂಪು ದೀಪ ಉರಿಸಿಕೊಂಡು ನಿಂತು ಅವನನ್ನು ಅಣಕಿಸುತ್ತಿತ್ತು. ಎಂಜಿನ್ ಬಂದ್, ಕೀಲಿ ಜೇಬಲ್ಲಿ, ಕಾಲು ನೆಲದ ಮೇಲೆ. ಆದರೂ ಒಳಗೆ ಯಾರೋ ಕೂತು ಬ್ರೇಕ್ ಒತ್ತಿ ಹಿಡಿದಿದ್ದಾರೆ ಎಂಬಂತೆ ದೀಪ ನಂದಾದೀಪವಾಗಿತ್ತು.

ರೊಸೆಂಡ ವಾದ ಮಾಡುವ ಹೆಂಗಸಲ್ಲ. ಗಡುವು ಕೊಡುವ ಹೆಂಗಸು.

“ಶನಿವಾರ ದೊಡ್ಡ ಸಂತೆ. ಶನಿವಾರ ಬೆಳಿಗ್ಗೆ ಗಾಡಿ ಸರಿ ಇಲ್ಲ ಅಂದ್ರೆ ಕುಯಾನ ಕರೀತೀನಿ,” ಎಂದು ಹೇಳಿ ಒಳಗೆ ಹೋಗಿ ಅಕ್ಕಿ ನೆನೆಹಾಕಿದಳು. ಅವಳು ಸಂತೆಯಲ್ಲಿ ಪುತೊ ಮಾರುತ್ತಿದ್ದಳು. ಹಬೆಯಲ್ಲಿ ಬೆಂದ ಅಕ್ಕಿ ಕಡುಬು, ತಟ್ಟೆಗಟ್ಟಲೆ. ಆ ತಟ್ಟೆಗಳು ಸಂತೆ ಮುಟ್ಟುತ್ತಿದ್ದದ್ದು ಆ ಕಾರಿನಲ್ಲಿ.

ಕುಯಾ ಎಂದರೆ ಅವಳ ಅಣ್ಣ ಇಗ್ಮೆಡಿಯೊ. ಊರಾಚೆ ಗ್ಯಾರೇಜು ಇಟ್ಟಿದ್ದವನು. ಎಂಟು ತಿಂಗಳ ಹಿಂದೆ ಅವನ ಮೊಮ್ಮಗುವಿನ ನಾಮಕರಣದ ಊಟದಲ್ಲಿ, ಇಡೀ ಹಂದಿ ಸುಟ್ಟು ಮೇಜಿನ ಮೇಲಿಟ್ಟಿದ್ದಾಗ, ಅರವತ್ತು ಜನರ ಎದುರು ಅವನು ಒಂದು ಮಾತು ಎಸೆದಿದ್ದ. ಲೈನ್‌ಮನ್ ಎನ್ನುವ ಪ್ರಾಣಿಗೆ ಮೇಲೆ ನೋಡುವುದೊಂದೇ ಗೊತ್ತು, ಕಾಲ ಕೆಳಗೆ ಏನಿದೆ ಎಂಬುದು ಗೊತ್ತಿಲ್ಲ ಎಂದು. ಮೆಕ್ಯಾನಿಕ್ ಎನ್ನುವ ಪ್ರಾಣಿ ಅರ್ಧ ಆಯಸ್ಸನ್ನು ಅಂಗಾತ ಮಲಗಿಯೇ ಕಳೆಯುತ್ತದೆ ಎಂದು ಮೆಲಿಟೋನ್ ತಿರುಗಿ ಎಸೆದ. ಜನ ನಕ್ಕರು. ಇಬ್ಬರೂ ನಗಲಿಲ್ಲ. ಅಂದಿನಿಂದ ಅವರ ನಡುವೆ ಮಾತಿಲ್ಲ. ರೊಸೆಂಡ ಕಳಿಸುವ ಪುತೊ ಆ ಮನೆಗೆ ಹೋಗುತ್ತಿತ್ತು, ಆ ಮನೆಯ ಮೀನು ಈ ಮನೆಗೆ ಬರುತ್ತಿತ್ತು, ಅಷ್ಟೆ. ಇಗ್ಮೆಡಿಯೊ ಈ ಅಂಗಳಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು, “ಏನು ಬಯಾವ್, ಏನಾಗಿದೆ?” ಎಂದು ಭಾವಮೈದುನನ ಸಲಿಗೆಯಲ್ಲಿ ಕೇಳುವ ದೃಶ್ಯ ಮೆಲಿಟೋನನ ಕಣ್ಣಿಗೆ ಕಟ್ಟಿತು. ಹಾಗಾಗಬಾರದು. ಅದಕ್ಕಾಗಿ ಅವನಿಗೆ ಮೂರು ದಿನ ಇತ್ತು.

ಬುಧವಾರ ಬೆಳಿಗ್ಗೆ ಅವನು ಶಾಸ್ತ್ರೋಕ್ತವಾಗಿ ಶುರು ಮಾಡಿದ. ಬಲ್ಬ್ ಬಿಚ್ಚಿದ, ಉಜ್ಜಿದ, ಬೆಳಕಿಗೆ ಹಿಡಿದು ನೋಡಿದ. ಅನುಮಾನ ಬೇಡವೆಂದು ಎರಡನ್ನೂ ಹೊಸದು ಹಾಕಿದ. ಹೊಸ ಬಲ್ಬುಗಳು ಹಳೆಯವಕ್ಕಿಂತ ಚೆನ್ನಾಗಿ ಉರಿದವು. ಆಮೇಲೆ ಫ್ಯೂಸ್ ಪೆಟ್ಟಿಗೆ ತೆರೆದು ಒಂದೊಂದೇ ಫ್ಯೂಸ್ ಕೀಳುತ್ತಾ ಹೋದ. ಆರನೆಯದಕ್ಕೆ ದೀಪ ಆರಿತು.

ರೊಸೆಂಡಳನ್ನು ಕರೆದು ಕಾರಿನ ಹಿಂದೆ ನಿಲ್ಲಿಸಿದ. ನೋಡು ಎಂದ. ಅವಳು ನೋಡಿದಳು. ನಿಮ್ಮಣ್ಣ ಇದಕ್ಕೆ ಎಷ್ಟು ದಿನ ಗಾಡಿ ಇಟ್ಟುಕೊಳ್ಳುತ್ತಿದ್ದ ಗೊತ್ತೇ ಎಂದ. ಅವಳು ತಟ್ಟೆಗಳನ್ನು ಹಿಂದಿನ ಸೀಟಿನಲ್ಲಿಟ್ಟು ಮುಂದೆ ಕೂತಳು.

ಓಣಿಯ ತಿರುವಿನಲ್ಲಿ ಎದುರಿಗೆ ಒಂದು ಟ್ರೈಸಿಕಲ್ ಬಂತು. ಬೈಕಿನ ಪಕ್ಕಕ್ಕೆ ಗೂಡು ಕಟ್ಟಿ ಆರು ಜನರನ್ನು ತುಂಬುವ ಗಾಡಿ ಅದು. ಮೆಲಿಟೋನ್ ಹಾರನ್ ಒತ್ತಿದ. ಸದ್ದಿಲ್ಲ. ಎರಡು ಕೈಯಿಂದ ಒತ್ತಿದ. ಇಲ್ಲ. ಸ್ಟಾಪ್‌ಲೈಟಿಗೂ ಹಾರನ್ನಿಗೂ ಒಂದೇ ಫ್ಯೂಸ್. ಒಂದರ ಬಾಯಿ ಮುಚ್ಚಿಸಿದರೆ ಇನ್ನೊಂದರದೂ ಮುಚ್ಚುತ್ತಿತ್ತು.

ಅವರ ಊರು ಸಾನ್ ರೋಮಾನಿನ ರಸ್ತೆಯಲ್ಲಿ ಕನ್ನಡಿಯಿಲ್ಲದೆ ಓಡಿಸಬಹುದು, ಲೈಸೆನ್ಸ್ ಇಲ್ಲದೆ ಓಡಿಸಬಹುದು, ಹಾರನ್ ಇಲ್ಲದೆ ಓಡಿಸಲಾಗದು. ಸಂತೆಗೆ ಹೊತ್ತಾಗಿತ್ತು. ಕೊನೆಗೆ ರೊಸೆಂಡ ಹಬೆಪಾತ್ರೆಯ ಮುಚ್ಚಳ ಕಿಟಕಿಯಾಚೆ ಹಿಡಿದು ಸೌಟಿನಿಂದ ಬಡಿಯುತ್ತಾ ಕೂತಳು. ದಾರಿಯುದ್ದಕ್ಕೂ ಮನೆಗಳ ಬಾಗಿಲು ತೆರೆದವು. ಪುತೊ ಮನೆಬಾಗಿಲಿಗೇ ಬಂತೆಂದು ಜನ ತಟ್ಟೆ ಹಿಡಿದು ರಸ್ತೆಗಿಳಿದರು. ಸಂತೆ ಮುಟ್ಟುವಷ್ಟರಲ್ಲಿ ಅರ್ಧ ಪುತೊ ಖಾಲಿ, ಸಂತೆಯ ಗಿರಾಕಿಗಳೂ ಖಾಲಿ. ಅವಳು ಇಳಿಯುತ್ತಾ ಇಷ್ಟೇ ಅಂದಳು: “ನಾಳೆಯಿಂದ ಇದನ್ನ ಬಡಿಯೋ ಕೆಲಸ ನಿಂದು.”

ಫ್ಯೂಸ್ ಮತ್ತೆ ಒಳಗೆ ಹೋಯಿತು. ದೀಪ ಮತ್ತೆ ಹೊತ್ತಿತು.

ಗುರುವಾರ ಬೆಳಿಗ್ಗೆ ಬ್ಯಾಟರಿ ಸತ್ತಿತ್ತು. ಎರಡು ರಾತ್ರಿ ಖಾಲಿ ಅಂಗಳಕ್ಕೆ ನಿಲ್ಲಿ ನಿಲ್ಲಿ ಎಂದು ಕೆಂಪು ತೋರಿಸಿ ಅದು ಪ್ರಾಣ ಬಿಟ್ಟಿತ್ತು. ನೆರೆಮನೆಯ ನಾಲ್ವರು ತಳ್ಳಿ ಸ್ಟಾರ್ಟ್ ಮಾಡಿಸಿದರು. ತಳ್ಳುವಾಗ ನಾಲ್ವರೂ ನಾಲ್ಕು ಸಲಹೆ ಕೊಟ್ಟರು, ಐದನೆಯದು ಸಾಮೂಹಿಕವಾಗಿ ಬಂತು: ಇಗ್ಮೆಡಿಯೊಗೆ ತೋರಿಸಬಾರದೇ? ಮೆಲಿಟೋನ್ ಧನ್ಯವಾದ ಹೇಳಿ ಗೇಟು ಹಾಕಿಕೊಂಡ.

ಈಗ ಅವನಿಗೆ ರೋಗ ಗೊತ್ತಾಗಿತ್ತು. ಎಲ್ಲೋ ವೈರಿನ ಮೈ ಸುಲಿದು ಕರೆಂಟು ಕಳ್ಳದಾರಿಯಲ್ಲಿ ಹರಿಯುತ್ತಿದೆ. ಮೂವತ್ತೊಂದು ವರ್ಷ ಕಳ್ಳ ಕರೆಂಟು ಹಿಡಿದವನಿಗೆ ಇದು ಹೊಸದೇ? ಹಿಂದಿನ ಸೀಟು ಕಿತ್ತು ಪಡಸಾಲೆಯಲ್ಲಿಟ್ಟ. ಬಾಗಿಲುಗಳ ಒಳಮೈ ಬಿಚ್ಚಿ ಗೋಡೆಗೆ ಒರಗಿಸಿದ. ನೆಲದ ಹಾಸು ಸುತ್ತಿ ಮೂಲೆಗೆ ನಿಲ್ಲಿಸಿದ. ಮಧ್ಯಾಹ್ನ ಬಂದ ಇಬ್ಬರು ನೆಂಟರು ಕಾರಿನ ಸೀಟಿನ ಮೇಲೆ ಕೂತು ಕಾಫಿ ಕುಡಿದು, ಹೊಸ ಸೋಫಾ ಚೆನ್ನಾಗಿದೆ, ಸ್ವಲ್ಪ ತಗ್ಗಾಯಿತು ಎಂದು ಹೇಳಿ ಹೋದರು. ವೈರು ಮಾತ್ರ ಬಾಲದಿಂದ ಮೂಗಿನವರೆಗೆ ಮಗುವಿನ ಮೈಯಂತೆ ನುಣುಪಾಗಿತ್ತು. ಒಂದು ಗೀರೂ ಇಲ್ಲ.

ಅಂಗಳ ಗುಡಿಸುತ್ತಿದ್ದ ರೊಸೆಂಡ ಡ್ರೈವರನ ಕಾಲಡಿಯ ರಬ್ಬರ್ ಹಾಸನ್ನು ಕೊಡವಿದಳು. ಅದರಿಂದ ನೀಲಿ ಬಣ್ಣದ ನಾಲ್ಕೈದು ಚೂರು ಉದುರಿದವು.

“ಮೆಲಿ, ಇದೇನೋ ಮುರಿದು ಬಿದ್ದಿದೆ.”

“ಪೆಪ್ಪರ್‌ಮಿಂಟ್ ಇರ್ಬೇಕು, ಎಸಿ. ನಾನು ಕರೆಂಟಿನ ಹಿಂದೆ ಬಿದ್ದಿದ್ದೀನಿ, ನೀನು ಕಸದ ಹಿಂದೆ ಬಿದ್ದಿದ್ದೀಯ.”

ಅವಳು ಎಸೆಯಲಿಲ್ಲ. ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅದನ್ನು ಅವನು ನೋಡಲಿಲ್ಲ.

ಸಂಜೆ ವೈರಿಗೆ ಸುತ್ತುವ ಟೇಪು ಬೇಕಾಗಿ ಅವನು ಅದೇ ಬೋಳು ಕಾರಿನಲ್ಲಿ ಪೇಟೆಗೆ ಹೊರಟ. ಆ ಪ್ರಯಾಣ ಅವನು ಮರೆಯುವಂಥದ್ದಲ್ಲ. ಹಿಂದೆ ಬಂದವರೆಲ್ಲ ಅವನು ಈಗ ನಿಲ್ಲುತ್ತಾನೆ, ಇನ್ನೇನು ನಿಲ್ಲುತ್ತಾನೆ ಎಂದು ತಾವೂ ಬ್ರೇಕ್ ಒತ್ತಿದರು. ಅವರ ಹಿಂದಿನವರು ಅವರನ್ನು ನೋಡಿ ಒತ್ತಿದರು. ಚರ್ಚಿನಿಂದ ಪೇಟೆಯವರೆಗೆ ಒಂದು ಮೆರವಣಿಗೆಯೇ ಆಯಿತು. ಘೋಷಣೆಯಿಲ್ಲ, ಬಾವುಟವಿಲ್ಲ, ಬೇಡಿಕೆಯಿಲ್ಲ, ಹೆಣದ ಹಿಂದೆ ಹೋಗುವ ವೇಗ. ಒಬ್ಬ ಬಸ್ ಡ್ರೈವರ್ ಪಕ್ಕಕ್ಕೆ ಬಂದು ತಲೆ ಹೊರಹಾಕಿ, ನಿಲ್ಲುವುದಾದರೆ ನಿಲ್ಲು, ಹೋಗುವುದಾದರೆ ಹೋಗು, ನಿನ್ನಂಥವರಿಂದಲೇ ದೇಶ ಹೀಗಿದೆ ಎಂದು ಬೈದು ಹೋದ. ಮೆಲಿಟೋನನಿಗೆ ಅವಮಾನವಾಯಿತು. ಜೊತೆಗೆ ನ್ಯಾಯವಂತನೂ ಆಗಿದ್ದರಿಂದ, ತನ್ನಿಂದ ಯಾರಿಗೂ ತೊಂದರೆಯಾಗಬಾರದು ಎನಿಸಿತು. ಮನೆಗೆ ಬಂದು, ಬ್ಯಾಟರಿಯ ತಂತಿ ಕಳಚಿ, ಕನ್ನಡಕ ಹಾಕಿಕೊಂಡು, ಓಣಿಯವರ ಮೆಸೇಜ್ ಗುಂಪಿಗೆ ಒಂದು ಪ್ರಕಟಣೆ ಬರೆದ:

“ಎಲ್ಲರ ಗಮನಕ್ಕೆ. ಸ್ಟಾಪ್‌ಲೈಟ್ ಕೆಟ್ಟಿದೆ. ಕೆಂಪು ಆರುತ್ತಿಲ್ಲ. ಕೆಂಪು ಕಂಡರೆ ನಿಲ್ಲಬೇಡಿ, ದಾಟಿಕೊಂಡು ಹೋಗಿ. ದುರಸ್ತಿ ನಡೆಯುತ್ತಿದೆ. ಸಹಕರಿಸಿ. ಮೆಲಿಟೋನ್, ವಿದ್ಯುತ್ ಸಹಕಾರ ಸಂಘ (ನಿ.)”

ಇಲ್ಲಿ ಎರಡು ಸಂಗತಿ ಹೇಳಬೇಕು.

ಮೊದಲನೆಯದು, ಬ್ರೇಕ್ ಒತ್ತಿದಾಗ ಗಾಡಿಯ ಹಿಂದೆ ಹೊತ್ತುವ ದೀಪಕ್ಕೆ ಆ ನಾಡಿನಲ್ಲಿ ಸ್ಟಾಪ್‌ಲೈಟ್ ಎನ್ನುತ್ತಾರೆ. ನಾಲ್ಕು ರಸ್ತೆ ಕೂಡುವಲ್ಲಿ ಕಂಬದ ಮೇಲೆ ಕೆಂಪು, ಹಳದಿ, ಹಸಿರು ತೋರಿಸುವ ದೀಪಕ್ಕೂ ಸ್ಟಾಪ್‌ಲೈಟ್ ಎಂದೇ ಎನ್ನುತ್ತಾರೆ. ಸಾನ್ ರೋಮಾನಿಗೆ ಅಂಥ ಕಂಬದ ದೀಪ ಇದ್ದದ್ದು ಒಂದೇ. ಅದೂ ಹೊಸದು. ಜನ ಎಂಟು ವರ್ಷ ಕುಡಿಯುವ ನೀರಿನ ಪೈಪು ಕೇಳಿದ್ದರು. ಅರ್ಜಿ ಕೊಟ್ಟರು, ಪುರಸಭೆಯ ಮುಂದೆ ಖಾಲಿ ಬಕೆಟ್ ಬಡಿದರು, ಬಿಸಿಲಲ್ಲಿ ಕೂತರು. ಕೊನೆಗೆ ಮೇಲಿನವರಿಗೆ ಕರುಣೆ ಬಂದು ಮೂರು ಬಣ್ಣದ ದೀಪ ಕೊಟ್ಟರು. ಮೇಯರ್ ರಿಬ್ಬನ್ ಕತ್ತರಿಸಿ, ಊರು ಮುಂದುವರಿಯಬೇಕಾದರೆ ಮೊದಲು ನಿಲ್ಲುವುದನ್ನು ಕಲಿಯಬೇಕು ಎಂದು ಮುಕ್ಕಾಲು ಗಂಟೆ ಮಾತಾಡಿದ. ಜನ ಅಷ್ಟೂ ಹೊತ್ತು ನಿಂತು ಕಲಿತರು.

ಎರಡನೆಯದು ಆ ‘ನಿ.’ ಮೆಲಿಟೋನ್ ಬರೆದದ್ದು ನಿವೃತ್ತ ಎಂಬ ಅರ್ಥದಲ್ಲಿ. ಪೂರ್ತಿ ಬರೆಯಲು ಸೋಮಾರಿತನ, ಬರೆಯದೇ ಬಿಡಲು ಅಹಂಕಾರ. ಓದಿದವರು ನಿಯಮಿತ ಎಂದು ಓದಿಕೊಂಡರು. ಸಂಘವೇ ಹೇಳಿದ ಮೇಲೆ ಇನ್ನೇನು? ಓಣಿಯ ಗುಂಪಿನಿಂದ ಪಕ್ಕದ ಓಣಿಗೆ, ಅಲ್ಲಿಂದ ಟ್ರೈಸಿಕಲ್ ಚಾಲಕರ ಗುಂಪಿಗೆ, ಚರ್ಚಿನ ಗಾಯಕರ ಗುಂಪಿಗೆ, ಊಟದ ಹೊತ್ತಿಗೆ ಊರಿಗೆ ಊರೇ ಸಹಕರಿಸಲು ಸಿದ್ಧವಾಗಿತ್ತು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕೂಡುರಸ್ತೆಯಲ್ಲಿ ಕೆಂಪು ಬಂತು. ಯಾರೂ ನಿಲ್ಲಲಿಲ್ಲ. ಫೋನ್ ಇಲ್ಲದ ಒಬ್ಬ ಮುದುಕ ಮಾತ್ರ ನಿಂತ. ಹಿಂದಿನವರೆಲ್ಲ ಹಾರನ್ ಹೊಡೆದು, ಮೆಸೇಜ್ ನೋಡುವುದಿಲ್ಲವೇ, ಎಂಥ ಮನುಷ್ಯನಯ್ಯ ನೀನು ಎಂದು ಅವನನ್ನು ಬೈದರು. ಪೂರ್ವದಿಂದ ಹಂದಿ ಹೊತ್ತ ಟ್ರೈಸಿಕಲ್, ಉತ್ತರದಿಂದ ತೆಂಗಿನಕಾಯಿ ಲಾರಿ, ದಕ್ಷಿಣದಿಂದ ಪಾದ್ರಿಗಳ ಕಾರು ಒಂದೇ ಬಿಂದುವಿಗೆ ಬಂದು ಮೂಗಿಗೆ ಮೂಗು ತಾಗಿಸಿ ನಿಂತವು. ಲಾರಿಯ ಹಿಂಬಾಗಿಲು ಬಿಚ್ಚಿಕೊಂಡು ಕಾಯಿಗಳು ನಾಲ್ಕೂ ದಿಕ್ಕಿಗೆ ಉರುಳಿದವು. ಯಾರಿಗೂ ಪೆಟ್ಟಾಗಲಿಲ್ಲ. ಮೂರು ಹಂದಿಗಳಿಗೆ ಬಿಡುಗಡೆಯಾಯಿತು, ಅವುಗಳಲ್ಲಿ ಎರಡು ಸಂಜೆಗೆ ಸಿಕ್ಕವು.

ಕೂಡುರಸ್ತೆ ಕಾಯುವ ಲುವಾಲ್ಹಾತಿ ಎಂಬ ಹೆಂಗಸು ಸೀಟಿ ಊದಿ ಊದಿ ಕೆನ್ನೆ ನೋಯಿಸಿಕೊಂಡು ನಲವತ್ತೊಂದು ಲೈಸೆನ್ಸ್ ಕಸಿದಳು. ಕೊಟ್ಟವರಲ್ಲಿ ಪ್ರತಿಯೊಬ್ಬನೂ ತನ್ನ ಫೋನ್ ಅವಳ ಮುಖಕ್ಕೆ ಹಿಡಿದು ಸಂಘವೇ ಹೇಳಿದೆ ಎಂದ. ಇಪ್ಪತ್ತನೆಯ ಫೋನಿನ ಹೊತ್ತಿಗೆ ಅವಳು ಕೆಳಗಿನ ಹೆಸರು ಓದಿದಳು.

ಮಧ್ಯಾಹ್ನ ಎರಡಕ್ಕೆ ವಾರ್ಡಿನ ಸಭಾಮನೆಯಲ್ಲಿ ಪಂಚಾಯ್ತಿ. ಮುಂದೆ ಕಪಿತಾನ, ಅಂದರೆ ವಾರ್ಡಿನ ಚುನಾಯಿತ ಮುಖಂಡ, ಪಕ್ಕದಲ್ಲಿ ಲೈಸೆನ್ಸಿನ ಗಂಟು ಹಿಡಿದ ಲುವಾಲ್ಹಾತಿ, ಎದುರಿಗೆ ನಲವತ್ತೊಂದು ಜನ, ನಡುವೆ ಒಂಟಿ ಕುರ್ಚಿಯಲ್ಲಿ ಮೆಲಿಟೋನ್. ರೊಸೆಂಡ ಕಿಟಕಿಯ ಬಳಿ ನಿಂತಿದ್ದಳು. ನಿಂತಿದ್ದ ರೀತಿಯಲ್ಲಿ ಅವಳು ಯಾರ ಕಡೆಯವಳು ಎಂಬುದು ಗೊತ್ತಾಗುತ್ತಿರಲಿಲ್ಲ.

ಕಪಿತಾನ ಮೆಸೇಜನ್ನು ಎರಡು ಸಲ ಗಟ್ಟಿಯಾಗಿ ಓದಿ, ಹಿರಿಯರಿಗೆ ಸಲ್ಲುವ ‘ಮಾಂಗ್’ ಸೇರಿಸಿ ಕೇಳಿದ.

“ಮಾಂಗ್ ಮೆಲಿಟೋನ್, ನೀವು ಹಿರಿಯರು. ‘ನನ್ನ ಕಾರಿನ’ ಅಂತ ಎರಡು ಪದ ಹಾಕೋಕೆ ಏನಾಗಿತ್ತು ನಿಮ್ಗೆ?”

“ನನ್ನ ಕಾರಿಂದು ಅಂತ ಎಲ್ರಿಗೂ ಗೊತ್ತಲ್ಲ. ನಿನ್ನೆ ಇಡೀ ರಸ್ತೆ ನೋಡ್ತು.”

“ಊರಿಗಿರೋದು ಒಂದು ಸ್ಟಾಪ್‌ಲೈಟ್,” ಎಂದಳು ಲುವಾಲ್ಹಾತಿ. “ನಿಮ್ಮ ಹಿಂಭಾಗದಲ್ಲಿ ಇನ್ನೂ ಎರಡಿದೆ ಅಂತ ನಾವೇನು ಬಗ್ಗಿ ನೋಡ್ಕೊಂಡು ಬರ್ಬೇಕಿತ್ತಾ?”

ಸಭೆ ನಕ್ಕಿತು. ಪಾದ್ರಿಗಳು ಕೆಮ್ಮಿದರು. ಆಗ ಕೊನೆಯ ಸಾಲಿನಿಂದ ಒಬ್ಬ ಎದ್ದು ನಿಂತ. ಇಗ್ಮೆಡಿಯೊ. ಗಿರಾಕಿಯ ವ್ಯಾನ್ ಓಡಿಸಿಕೊಂಡು ಕೆಂಪು ದಾಟಿ ಅವನೂ ಸಿಕ್ಕಿಬಿದ್ದಿದ್ದ. ಮೆಲಿಟೋನ್ ಕುರ್ಚಿಯ ಕೈ ಹಿಡಿದುಕೊಂಡ. ಎಂಟು ತಿಂಗಳಿನಿಂದ ಹರಿತ ಮಾಡಿಟ್ಟ ಮಾತು ಈಗ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು.

“ಮೆಸೇಜ್ ನೋಡಿ ದಾಟಿದ್ದಲ್ಲ ಕಪಿತಾನ್, ಹೆಸರು ನೋಡಿ ದಾಟಿದ್ದು,” ಎಂದ ಇಗ್ಮೆಡಿಯೊ. “ಈ ಮನುಷ್ಯನಿಗೆ ಬೇರೆ ಏನೂ ಬರಲ್ಲ. ಆದ್ರೆ ದೀಪದ ವಿಷ್ಯದಲ್ಲಿ ಇವ್ನು ಹೇಳಿದ್ರೆ ಹೇಳ್ದಂಗೆ, ಅಂದ್ಕೊಂಡಿದ್ದೆ.”

ಕೂತ. ಅದಕ್ಕಿಂತ ಅವನು ಎರಡು ಬೈದಿದ್ದರೆ ಮೆಲಿಟೋನನಿಗೆ ಸಮಾಧಾನವಾಗುತ್ತಿತ್ತು. ಬೈಗುಳಕ್ಕೆ ಅವನ ಬಳಿ ಉತ್ತರ ತಯಾರಿತ್ತು.

ಕಪಿತಾನ ಬುದ್ಧಿವಂತ. ನಲವತ್ತೊಂದು ಮನೆಗಳ ಓಟು ಅವನ ಎದುರಿಗೇ ಕೂತಿತ್ತು. ಲೈಸೆನ್ಸುಗಳನ್ನೆಲ್ಲ ಹಿಂದಿರುಗಿಸುವುದು, ಬದಲಿಗೆ ಮೆಲಿಟೋನ್ ಶನಿವಾರ ಬೆಳಿಗ್ಗೆಯಿಂದ ಸಂತೆ ಮುಗಿಯುವ ತನಕ ಕೂಡುರಸ್ತೆಯ ಕಂಬದ ಕೆಳಗೆ, “ಈ ಸ್ಟಾಪ್‌ಲೈಟ್ ಸರಿಯಾಗಿದೆ, ಕೆಂಪಿಗೆ ನಿಲ್ಲಿ” ಎಂದು ತನ್ನ ಕೈಯಾರೆ ಬರೆದ ಹಲಗೆ ಹಿಡಿದು ನಿಲ್ಲುವುದು ಎಂದು ತೀರ್ಪಾಯಿತು. ಸಹಿ ಇರಲಿ, ಸಂಘ ಬೇಡ ಎಂದು ಲುವಾಲ್ಹಾತಿ ತಿದ್ದುಪಡಿ ಹಾಕಿದಳು. ಒಪ್ಪಿಗೆಯಾಯಿತು.

ಮನೆಗೆ ಬಂದ ಮೇಲೆ ಮೆಲಿಟೋನ್ ಕತ್ತಲಾಗುವವರೆಗೆ ಕಾರಿನ ಸುತ್ತ ತಿರುಗಿದ. ಹಲಗೆ ಬರೆಯುವುದಿತ್ತು, ಬರೆದ. ಗಾಡಿಯ ಬಗ್ಗೆ ರೊಸೆಂಡ ಒಂದು ಮಾತೂ ಎತ್ತಲಿಲ್ಲ. ಗಡುವು ಮರೆತಿದ್ದಾಳೆ ಎಂದು ಅವನಿಗೆ ಆಸೆಯಾಯಿತು.

ಶನಿವಾರ ಅವನು ನಡೆದೇ ಹೋಗಿ ಐದೂವರೆಗೆ ಕಂಬದ ಕೆಳಗೆ ನಿಂತ. ಕೆಲಸ ಕಷ್ಟದ್ದಲ್ಲ. ಸುಮ್ಮನೆ ನಿಲ್ಲುವುದು. ಜೀವಮಾನವೆಲ್ಲ ಕಂಬದ ಮೇಲೆ ಇದ್ದವನು ಮೊದಲ ಬಾರಿಗೆ ಕಂಬದ ಬುಡದಲ್ಲಿದ್ದ. ಬಂದವರೆಲ್ಲ ಗಾಡಿ ನಿಧಾನ ಮಾಡಿ ಹಲಗೆಯನ್ನು ಮೊದಲಿಂದ ಕೊನೆಯವರೆಗೆ ಓದಿ, ಅವನ ಆರೋಗ್ಯ ವಿಚಾರಿಸಿ, ಫೋಟೊ ತೆಗೆದುಕೊಂಡು ಹೋದರು. ಹಂದಿಯವನು ಸಿಗದ ಹಂದಿಯ ಗುರುತು ಹೇಳಿ, ಕಂಡರೆ ನಿಲ್ಲಿಸಿ ಎಂದು ಕೇಳಿಕೊಂಡ.

ಆರೂವರೆಗೆ ಮನೆಯ ಕಡೆಯ ರಸ್ತೆಯಿಂದ ಅವನ ಕಾರು ಬಂತು.

ದೂರದಿಂದಲೇ ಗುರುತು ಹತ್ತಿತು. ಹತ್ತಿರ ಬಂದಾಗ ಸ್ಟಿಯರಿಂಗ್ ಹಿಡಿದವನ ಗುರುತೂ ಹತ್ತಿತು. ಇಗ್ಮೆಡಿಯೊ. ಪಕ್ಕದಲ್ಲಿ ರೊಸೆಂಡ, ಹಿಂದೆ ಸೀಟಿದ್ದ ಜಾಗದಲ್ಲಿ ಪುತೊ ತಟ್ಟೆಗಳ ಗೋಪುರ. ಸರಿಯಾಗಿ ಆಗಲೇ ಕೆಂಪು ಬಂತು. ಕಾರು ಮೆಲಿಟೋನನ ಕಾಲಬುಡದಲ್ಲಿ ನಿಂತಿತು. ಅವನು ಓಡಿಹೋಗುವಂತಿರಲಿಲ್ಲ, ಹಲಗೆ ಹಿಡಿಯುವುದು ಶಿಕ್ಷೆ. ಹಲಗೆಯನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡ.

ಗಾಜು ಇಳಿಯಿತು.

“ಬಯಾವ್, ನೀನು ಗ್ಯಾರೇಜಿಗೆ ಬರಲ್ಲ ಅಂತ ಗ್ಯಾರೇಜೇ ನಿನ್ನ ಅಂಗಳಕ್ಕೆ ಬಂತು.”

ಹಲಗೆಯ ಹಿಂದೆ ಕುತೂಹಲ ಮಾನವನ್ನು ಗೆದ್ದಿತು.

“ಏನಾಗಿತ್ತು?”

ಇಗ್ಮೆಡಿಯೊ ಏನೂ ಬೆಳೆಸದೆ ಹೇಳಿದ. ಬ್ರೇಕ್ ಪೆಡಲಿನ ತೋಳಿನಲ್ಲಿ ಒಂದು ತೂತು. ಅದಕ್ಕೆ ಅಂಗಿಗುಂಡಿಯಷ್ಟು ನೀಲಿ ಪ್ಲಾಸ್ಟಿಕ್ಕಿನ ಬಿರಡೆ. ಕಾಲು ತೆಗೆದಾಗ ಪೆಡಲ್ ಮೇಲೆದ್ದು ಆ ಬಿರಡೆ ಸ್ವಿಚ್ಚಿನ ಮೂಗನ್ನು ಅದುಮಬೇಕು. ಅದುಮಿದರೆ ದೀಪ ಆರುತ್ತದೆ. ಬಿರಡೆ ಹಳೆಯದಾಗಿ ಪುಡಿಯಾಗಿ ಉದುರಿಹೋಗಿತ್ತು. ಸ್ವಿಚ್ಚಿನ ಮೂಗು ತೂತಿನೊಳಗೆ ತೂರಿ ಹಾಯಾಗಿ ಕೂತಿತ್ತು. ವೈರು ಸರಿ, ಬಲ್ಬು ಸರಿ, ಫ್ಯೂಸು ಸರಿ, ಕರೆಂಟಿನದು ಏನೇನೂ ತಪ್ಪಿಲ್ಲ. ರೊಸೆಂಡ ಬೆಳಿಗ್ಗೆ ಏಪ್ರನ್ನಿನ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ತೋರಿಸುತ್ತಿದ್ದಂತೆಯೇ ಗೊತ್ತಾಯಿತು, ಗಾಡಿಯ ಕೆಳಗೆ ಮಲಗುವುದೂ ಬೇಕಾಗಲಿಲ್ಲ ಎಂದ.

ಮೆಲಿಟೋನ್ ರೊಸೆಂಡಳ ಕಡೆ ನೋಡಿದ. ಅವಳು ಮುಂದಿನ ಗಾಜಿನಾಚೆ ದೀಪವನ್ನೇ ನೋಡುತ್ತಿದ್ದಳು.

“ಬಿರಡೆ ಜಾಗಕ್ಕೆ ಏನು ಹಾಕ್ದೆ?”

“ಹೊಸದು ಬರೋವರೆಗೆ ನನ್ನ ಹಳೇ ಚಪ್ಪಲಿ ಹಿಮ್ಮಡೀದು ಒಂದು ಚೂರು. ಬ್ರೇಕ್ ಒತ್ತಿದಾಗೆಲ್ಲ ನನ್ನ ನೆನಸ್ಕೊ.”

ಮೆಲಿಟೋನನ ಬಾಯಿ ತೆರೆಯಿತು. ಏನೋ ಹೇಳುವವನಿದ್ದ, ಒಳ್ಳೆಯದೋ ಕೆಟ್ಟದ್ದೋ ಅವನಿಗೇ ಇನ್ನೂ ತೀರ್ಮಾನವಾಗಿರಲಿಲ್ಲ. ರೊಸೆಂಡ ನಡುವೆ ಬಂದಳು.

“ಹಸಿರು ಬಂತು, ಮೆಲಿ. ಕೈ ತೋರ್ಸು. ನಂಗೆ ಸಂತೆಗೆ ಹೊತ್ತಾಯ್ತು.”

ಪ್ರಾಂತ್ಯದ ಅರ್ಧ ಊರಿಗೆ ಬೆಳಕು ಕೊಟ್ಟವನು ಹಲಗೆಯನ್ನು ಎಡಗೈಗೆ ಬದಲಾಯಿಸಿ ಬಲಗೈ ಎತ್ತಿ ದಾರಿ ತೋರಿಸಿದ. ಇಗ್ಮೆಡಿಯೊ ಬ್ರೇಕಿನಿಂದ ಕಾಲು ತೆಗೆದ. ಹಿಂದಿನ ಎರಡು ಕೆಂಪು ದೀಪ, ನಾಲ್ಕು ದಿನ ಬಲ್ಬಿಗೂ ಬಗ್ಗದ, ವೈರಿಗೂ ಬಗ್ಗದ ಎರಡು ದೀಪ, ತಕ್ಷಣ ಆರಿದವು. ಅಷ್ಟು ಸಲೀಸಾಗಿ ಆರಿದ್ದನ್ನು ನೋಡಿ ಅವನಿಗೆ ಮೊದಲು ಸಂತೋಷವೇ ಆಯಿತು. ಸಿಟ್ಟು ನೆನಪಾಗಲು ಕಾರು ಮೀನಿನ ಅಂಗಡಿ ದಾಟಬೇಕಾಯಿತು.

ಹಿಂದೆ ಹಾರನ್‌ಗಳು ಶುರುವಾಗಿದ್ದವು. ತಿರುಗಿ ನೋಡಿದರೆ, ಕಾರಿನ ಹಿಂದೆ ನಿಂತಿದ್ದ ಟ್ರೈಸಿಕಲ್ ಇನ್ನೂ ನಿಂತೇ ಇತ್ತು. ಶುಕ್ರವಾರ ಲೈಸೆನ್ಸ್ ಕಳೆದುಕೊಂಡು ಮರಳಿ ಪಡೆದವನು ಅದರ ಚಾಲಕ. ಆರು ಜನ ಪ್ರಯಾಣಿಕರನ್ನು ಕೂರಿಸಿಕೊಂಡು, ಕಂಬದ ಹಸಿರನ್ನು ಒಮ್ಮೆ, ಹಲಗೆಯನ್ನು ಒಮ್ಮೆ ನೋಡಿ, ಬಹಳ ವಿನಯದಿಂದ ಕೇಳಿದ:

“ಮಾಂಗ್ ಮೆಲಿಟೋನ್, ಈ ಹಸಿರು ನಂಬ್ಕೊಂಡು ಹೋಗ್ಲಾ, ಇಲ್ಲಾ ನಿಮ್ಮ ಮೆಸೇಜ್ ಬರೋವರೆಗೂ ಕಾಯ್ಲಾ?”